ಹೋಲ್ಡರ್ ಒಂದೇ, ಬಲ್ಬು ಎರಡು

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ಜಿಲ್ಲಾ ಕೇಂದ್ರದ ಬಸ್‌ಸ್ಟ್ಯಾಂಡ್ ಹಿಂದಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಾಗಲಿ, ಇಂಡಿಕೇಟರ್ ಬಲ್ಬು ಕೇಳಿದರೆ ಈಗ ಅಂಗಡಿಯವರೇ ತಿರುಗಿ ಕೇಳುತ್ತಾರೆ: "ಸಾದಾ ಕೊಡ್ಲಾ, ಎಲ್‌ಇಡಿ ಕೊಡ್ಲಾ?" ಸಾದಾ ಎಂದರೆ ಗಾಜಿನ ಬುರುಡೆಯೊಳಗೆ ಟಂಗ್‌ಸ್ಟನ್ ತಂತಿ ಕಾದು ಬೆಳಗುವ ಹಳೆಯ ಬಲ್ಬು. ಎಲ್‌ಇಡಿ ಎಂದರೆ ಅದೇ ಹಿತ್ತಾಳೆ ಬುಡದ ಮೇಲೆ ಹಳದಿ ಚುಕ್ಕಿಗಳನ್ನು ಸುತ್ತಲೂ ಅಂಟಿಸಿದ ಜೋಳದ ತೆನೆ. ಎರಡೂ ಒಂದೇ ಹೋಲ್ಡರಿನಲ್ಲಿ ಕೂರುತ್ತವೆ. ಹೊಸತೇ ಮೇಲಿರಬೇಕು ಎಂದುಕೊಂಡು ಗಿರಾಕಿ ನಾಲ್ಕು ಪಟ್ಟು ದುಡ್ಡು ಕೊಟ್ಟು ಎಲ್‌ಇಡಿ ತರುತ್ತಾನೆ. ಹಾಕಿ ಸ್ವಿಚ್ಚು ಒತ್ತಿದರೆ ಇಂಡಿಕೇಟರ್ ದೆವ್ವ ಹಿಡಿದಂತೆ ಮಿಟುಕುತ್ತದೆ, ಇಲ್ಲವೇ ಮಿಟುಕುವುದೇ ಇಲ್ಲ.

ಬಲ್ಬನ್ನಷ್ಟೇ ಕೈಯಲ್ಲಿ ಹಿಡಿದು ಯಾವುದು ಮೇಲು ಎಂದು ತೀರ್ಮಾನಿಸಲಾಗದು. ಬಲ್ಬು, ಅದರ ಹಿಂದಿನ ರಿಫ್ಲೆಕ್ಟರ್, ಮುಂದಿನ ಲೆನ್ಸು, ಕರೆಂಟು ಕೊಟ್ಟು ಕಿತ್ತುಕೊಳ್ಳುವ ಫ್ಲಾಷರ್, ಈ ನಾಲ್ಕನ್ನೂ ಒಂದಕ್ಕೊಂದು ಹೊಂದಿಸಿ ಮಾಡಿರುತ್ತಾರೆ. ಕಾರ್ಖಾನೆಯಲ್ಲೇ ಎಲ್‌ಇಡಿಗೆಂದು ರೂಪಿಸಿದ ದೀಪ ಸಾದಾ ದೀಪಕ್ಕಿಂತ ಬಹುಪಾಲು ಎಲ್ಲ ರೀತಿಯಲ್ಲೂ ಮೇಲು. ಅದರಲ್ಲಿ ನನಗೆ ಅನುಮಾನವಿಲ್ಲ. ಸಾದಾ ಬಲ್ಬಿಗೆಂದು ರೂಪಿಸಿದ ದೀಪದೊಳಗೆ ಎಲ್‌ಇಡಿ ಬಲ್ಬು ತುರುಕುವುದು ಬೇರೆಯೇ ಸಂಗತಿ. ಮೊದಲನೆಯದರ ಗುಣಗಳನ್ನು ಹೇಳಿ ಎರಡನೆಯದನ್ನು ಮಾರುವುದು ಈ ವ್ಯಾಪಾರದ ರೂಢಿ.

ಹಳೆಯ ಬಲ್ಬಿನಿಂದಲೇ ಶುರುಮಾಡೋಣ. ಕಾರುಗಳ ಬ್ರೇಕ್ ದೀಪದಲ್ಲೂ ಇಂಡಿಕೇಟರಿನಲ್ಲೂ ಇರುವ ಮಾಮೂಲಿ ಬಲ್ಬಿನ ಹೆಸರು ಪಿ21ಡಬ್ಲ್ಯು. 12 ವೋಲ್ಟು, 21 ವಾಟು, ಸುಮಾರು 460 ಲ್ಯೂಮೆನ್ ಬೆಳಕು. ಬಣ್ಣವಿಲ್ಲದ ಲೆನ್ಸಿರುವ ಇಂಡಿಕೇಟರಿಗೆ ಗಾಜಿಗೇ ಅಂಬರ್ ಬಣ್ಣ ಬಳಿದ ಪಿವೈ21ಡಬ್ಲ್ಯು ಬಂತು. ಬಣ್ಣ ತನ್ನ ಪಾಲು ನುಂಗಿ ಅದರಲ್ಲಿ ಉಳಿಯುವುದು ಸುಮಾರು 280 ಲ್ಯೂಮೆನ್. ಸಾದಾ ಬಲ್ಬಿನ ಬುಡದ ಎರಡು ಮೊಳೆಗಳು ಎದುರುಬದುರು ಇದ್ದರೆ ಅಂಬರ್ ಬಲ್ಬಿನ ಮೊಳೆಗಳು 150 ಡಿಗ್ರಿ ಕೋನದಲ್ಲಿರುತ್ತವೆ. ಅಂಬರ್ ಇರಬೇಕಾದಲ್ಲಿ ಯಾರೂ ಬಿಳಿ ಬಲ್ಬು ಹಾಕಬಾರದೆಂದು ಮಾಡಿದ ಏರ್ಪಾಡು ಅದು. ಹಿಂದಿನ ದೀಪದ ಡಬಲ್ ಕಾಂಟ್ಯಾಕ್ಟ್ ಬಲ್ಬಿನಲ್ಲಿ ಎರಡು ತಂತಿಗಳು: ಟೇಲ್ ಲೈಟಿಗೆ 5 ವಾಟು, ಬ್ರೇಕಿಗೆ 21. ಅಲ್ಲೂ ಮೊಳೆಗಳು ಮೇಲೆ ಕೆಳಗೆ ಇರುತ್ತವೆ, ತಿರುವುಮುರುವಾಗಿ ಕೂರಿಸಲಾಗದಂತೆ. ಬೈಕುಗಳ ಇಂಡಿಕೇಟರಿನಲ್ಲಿ ಸಾಮಾನ್ಯವಾಗಿ 10 ವಾಟಿನದು.

ಈ ಬಲ್ಬು ತಿನ್ನುವ ಕರೆಂಟಿನ ಬಹುಪಾಲು ಶಾಖವಾಗಿಯೇ ಹೋಗುತ್ತದೆ. ಅದಕ್ಕಿಂತ ಮುಖ್ಯವಾದ ದೌರ್ಬಲ್ಯ ಇನ್ನೊಂದಿದೆ. ತಂತಿಯ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. ಎಂಜಿನ್ ಓಡುವಾಗ ಬಲ್ಬಿಗೆ 13.5 ವೋಲ್ಟು ಸಿಗಬೇಕಾದಲ್ಲಿ ತುಕ್ಕು ಹಿಡಿದ ಅರ್ತಿಂಗಿನಿಂದಾಗಿ ಒಂದೇ ಒಂದು ವೋಲ್ಟು ಕಳೆದುಹೋದರೂ ಬೆಳಕು ಕಾಲುಭಾಗದಷ್ಟು ಕುಸಿಯುತ್ತದೆ. ಹಳೆಯ ಗಾಡಿಯ ಬ್ರೇಕ್ ದೀಪ ಮಂಕಾಗಿದೆ ಎಂದು ಎಲ್‌ಇಡಿ ಹುಡುಕುವವರಲ್ಲಿ ಎಷ್ಟೋ ಮಂದಿಗೆ ಬೇಕಿರುವುದು ಹೊಸ ಬಲ್ಬಲ್ಲ. ಹೋಲ್ಡರಿನ ತಳ ಉಜ್ಜಲು ಒಂದು ತುಂಡು ಮರಳು ಕಾಗದ, ಚಾಸಿಗೆ ಹೊಸದಾಗಿ ಎಳೆದ ಒಂದು ಅರ್ತ್ ವೈರು, ಒಳಗೆ ಧೂಳು ಹಿಡಿದ ಲೆನ್ಸನ್ನು ಸೋಪಿನ ನೀರಲ್ಲಿ ತೊಳೆಯುವ ತಾಳ್ಮೆ. ವೋಲ್ಟೇಜು ಹೆಚ್ಚಾದರೂ ಕಷ್ಟವೇ. ರೆಗ್ಯುಲೇಟರ್ ಕೆಟ್ಟು ಶೇ 5ರಷ್ಟು ಹೆಚ್ಚು ವೋಲ್ಟೇಜು ಬಂದರೆ ಬಲ್ಬಿನ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಮೇಲಿಂದ ಮೇಲೆ ಬಲ್ಬು ಸುಡುವ ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಚಾರ್ಜಿಂಗ್ ವೋಲ್ಟೇಜು.

ಎಲ್‌ಇಡಿಯ ದೊಡ್ಡ ಗುಣ ಯಾವುದು ಎಂದರೆ ಹೆಚ್ಚಿನವರು ಕರೆಂಟಿನ ಉಳಿತಾಯ ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದು ಎರಡನೆಯದು. ಮೊದಲನೆಯದು ವೇಗ. ಟಂಗ್‌ಸ್ಟನ್ ತಂತಿ ತಣ್ಣಗಿದ್ದದ್ದು ಕಾದು ಪೂರ್ತಿ ಬೆಳಗಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಸಮಯ ಬೇಕು. ಎಲ್‌ಇಡಿಗೆ ಬೇಕಾದ ಸಮಯ ನಮ್ಮ ಕಣ್ಣಿನ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಾರಿಗೆ ಸಂಶೋಧನಾ ಸಂಸ್ಥೆಯಲ್ಲಿ ಮೈಕಲ್ ಸಿವಾಕ್ ಮತ್ತು ಅವರ ಸಂಗಡಿಗರು 1990ರ ದಶಕದ ಮೊದಲ ವರ್ಷಗಳಲ್ಲಿ ಇದನ್ನು ಅಳೆದರು. ಮುಂದಿನ ಬ್ರೇಕ್ ದೀಪ ಕಂಡೊಡನೆ ಪ್ರತಿಕ್ರಿಯಿಸಲು ಜನರಿಗೆ ಸಾದಾ ಬಲ್ಬಿಗಿಂತ ಎಲ್‌ಇಡಿಯಲ್ಲಿ ಸರಾಸರಿ 166 ಮಿಲಿಸೆಕೆಂಡು ಕಡಿಮೆ ಸಾಕಾಯಿತು. ಕೇಳಲು ಏನೂ ಅಲ್ಲ ಅನಿಸಬಹುದು. ಆದರೆ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100 ಕಿ.ಮೀ. ವೇಗದಲ್ಲಿ ಹೋಗುವ ಕಾರು ಅಷ್ಟು ಹೊತ್ತಿನಲ್ಲಿ ನಾಲ್ಕೂವರೆ ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ, ಅಂದರೆ ಒಂದು ಕಾರಿನಷ್ಟೇ ಉದ್ದ. ಡಿಕ್ಕಿ ಆಗುವುದಕ್ಕೂ ತಪ್ಪುವುದಕ್ಕೂ ನಡುವೆ ಎಷ್ಟೋ ಸಲ ಇರುವುದು ಅಷ್ಟೇ ಜಾಗ.

ಈ ಲಾಭ ಇರುವುದು ಬ್ರೇಕ್ ದೀಪದಲ್ಲಿ. ಇಂಡಿಕೇಟರ್ ಹಾಕಿದ ಗಾಡಿ ತಿರುಗುವುದು ಕೆಲವು ಸೆಕೆಂಡುಗಳ ನಂತರ. ಅಲ್ಲಿ ಸೆಕೆಂಡಿನ ಐದನೇ ಒಂದು ಭಾಗಕ್ಕೆ ಬೆಲೆ ಕಡಿಮೆ. ಬರಿಯ ವೇಗಕ್ಕಾಗಿ ಎಲ್‌ಇಡಿ ಹಾಕುವುದಿದ್ದರೆ ಹಣ ಹಾಕಬೇಕಾದ್ದು ಹಿಂದಿನ ಕೆಂಪು ದೀಪಕ್ಕೆ. ಕಾರು ತಯಾರಕರೂ ಅದೇ ದಾರಿ ಹಿಡಿದರು. ಅಮೆರಿಕದಲ್ಲಿ 1986ರ ಮಾದರಿಯ ಕಾರುಗಳಿಂದ ಹಿಂಗಾಜಿನ ನಡುವೆ ಮೂರನೆಯ ಬ್ರೇಕ್ ದೀಪ ಕಡ್ಡಾಯವಾಯಿತು. ಎಲ್‌ಇಡಿ ವಾಹನದ ಹೊರಮೈ ಸೇರಿದ್ದು ಮೊದಲು ಆ ಸಣ್ಣ ಪಟ್ಟಿಯ ಮೂಲಕವೇ. ಕಾರಣ ಸರಳ: ಕಣ್ಣಿಗೆ ಕಾಣುವ ಮೊದಲ ಎಲ್‌ಇಡಿಯನ್ನು ನಿಕ್ ಹೊಲೊನ್ಯಾಕ್ 1962ರಲ್ಲಿ ಮಾಡಿದ್ದು ಕೆಂಪು ಬಣ್ಣದಲ್ಲಿ. ನೀಲಿ ಎಲ್‌ಇಡಿ ಪಳಗಲು, ಅದರಿಂದ ಬಿಳಿ ಬೆಳಕು ಹುಟ್ಟಲು ಇನ್ನೂ ಮೂರು ದಶಕ ಬೇಕಾಯಿತು. ಎಲ್‌ಇಡಿ ಹೆಡ್‌ಲೈಟು ಹೊತ್ತ ಲೆಕ್ಸಸ್ ಎಲ್‌ಎಸ್ 600ಎಚ್ ಮಾರುಕಟ್ಟೆಗೆ ಬಂದದ್ದು 2007ರಲ್ಲಿ. ಹಿಂದಿನ ದೀಪ ಮುಂದಿನ ದೀಪಕ್ಕಿಂತ ಎರಡು ದಶಕ ಮುಂದಿತ್ತು.

ಇನ್ನು ಹಳೆಯ ಮನೆಗೆ ಹೊಸ ಬಲ್ಬು ಬಂದಾಗ ಏನಾಗುತ್ತದೆ ನೋಡೋಣ. ರಿಫ್ಲೆಕ್ಟರಿಗೆ ಒಂದು ನಾಭಿ ಇರುತ್ತದೆ. ಪಿ21ಡಬ್ಲ್ಯು ಬಲ್ಬಿನಲ್ಲಿ ತಂತಿಯ ನಡುಭಾಗ ಬುಡದ ಗುರುತಿನಿಂದ 31.8 ಮಿಲಿಮೀಟರ್ ದೂರದಲ್ಲಿ ಇರಬೇಕೆಂದು ನಿಯಮವೇ ಇದೆ. ಯಾವ ಕಂಪನಿಯ ಬಲ್ಬಾದರೂ ಬೆಳಕು ಹೊರಡುವ ಬಿಂದು ಒಂದೇ ಕಡೆ. ಕೆಲವೇ ಮಿಲಿಮೀಟರ್ ಉದ್ದದ ಆ ತಂತಿಯಿಂದ ಎಲ್ಲ ದಿಕ್ಕಿಗೂ ಹರಡುವ ಬೆಳಕನ್ನು ಹಿಡಿದು, ಹಿಂದೆ ಬರುವವನ ಕಣ್ಣಿಗೂ, ಪಕ್ಕದ ಲೇನಿನವನಿಗೂ, ಅಡ್ಡರಸ್ತೆಯಿಂದ ನುಗ್ಗುವವನಿಗೂ ಎಷ್ಟೆಷ್ಟು ಬೇಕೋ ಅಷ್ಟಷ್ಟು ಹಂಚುವಂತೆ ರಿಫ್ಲೆಕ್ಟರನ್ನೂ ಲೆನ್ಸಿನ ಗೆರೆಗಳನ್ನೂ ಕೊರೆದಿರುತ್ತಾರೆ. ಎಲ್‌ಇಡಿ ಚುಕ್ಕಿಗಳಿರುವುದು ಬಲ್ಬಿನ ಹೊರಮೈಯಲ್ಲಿ, ನಾಭಿಯಿಂದ ಆಚೆ. ತುದಿಯಲ್ಲಿ ಒಂದು ದಪ್ಪ ಚುಕ್ಕಿ ಕೂರಿಸಿ ನೇರ ಮುಂದಕ್ಕೆ ಬೆಳಕು ಚಿಮ್ಮಿಸುವ ಬಲ್ಬುಗಳೂ ಇವೆ. ಅವನ್ನು ಹಾಕಿ ಗಾಡಿಯ ನೇರ ಹಿಂದೆ ನಿಂತು ನೋಡಿದರೆ ಕಣ್ಣು ಕೋರೈಸುತ್ತದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ದೀಪ ಉರಿಯುತ್ತಿದೆಯೋ ಇಲ್ಲವೋ ಎಂಬ ಅನುಮಾನ. ಅಂಗಡಿ ಮುಂದೆ ಹಾಕಿಸಿ ನೋಡುವವರೆಲ್ಲ ನಿಲ್ಲುವುದು ನೇರ ಹಿಂದೆಯೇ.

ಬಣ್ಣದ ವಿಷಯದಲ್ಲೂ ಎಡವುವವರು ಬಹಳ. ಸಾದಾ ಬಲ್ಬಿನ ಬೆಳಕಿನಲ್ಲಿ ಕೆಂಪಿನ ಪಾಲು ದಂಡಿಯಾಗಿದೆ. ಕೆಂಪು ಲೆನ್ಸು ಉಳಿದುದನ್ನೆಲ್ಲ ಸೋಸಿ ನಾಲ್ಕನೇ, ಐದನೇ ಒಂದು ಪಾಲನ್ನು ಹೊರಗೆ ಬಿಡುತ್ತದೆ. 21 ವಾಟಿನ ಬಲ್ಬಿನ ಕೆಲಸವನ್ನು ಎರಡು ಮೂರು ವಾಟಿನ ಕೆಂಪು ಎಲ್‌ಇಡಿ ಮಾಡುವ ಗುಟ್ಟು ಇಲ್ಲಿದೆ. ಅದು ಹುಟ್ಟಾ ಕೆಂಪು, ಲೆನ್ಸಿಗೆ ತೆರಿಗೆ ಕಟ್ಟಬೇಕಿಲ್ಲ. ಆದರೆ "ಬಿಳಿಯದು ಜಾಸ್ತಿ ಬೆಳಕು ಸಾರ್" ಎಂದು ಕೆಂಪು ಲೆನ್ಸಿನ ಹಿಂದೆ ಬಿಳಿ ಎಲ್‌ಇಡಿ ಹಾಕಿಸಿದರೆ ಲೆಕ್ಕ ತಲೆಕೆಳಗು. ಬಿಳಿ ಎಲ್‌ಇಡಿ ಮೂಲದಲ್ಲಿ ನೀಲಿ ಎಲ್‌ಇಡಿ. ಮೇಲೆ ಬಳಿದ ಫಾಸ್ಫರ್ ಅದನ್ನು ಬಿಳಿಯಾಗಿಸುತ್ತದೆ. ಅದರಲ್ಲಿ ನೀಲಿ, ಹಸಿರು, ಹಳದಿ ಹೇರಳ. ಗಾಢ ಕೆಂಪು ಕಡಿಮೆ. ಲೆನ್ಸಿನಿಂದ ಹೊರಬರುವುದು ತೆಳು ಗುಲಾಬಿ ಬಣ್ಣದ ಸೊರಗಿದ ಬೆಳಕು. ಕೆಂಪು ಲೆನ್ಸಿಗೆ ಕೆಂಪು, ಅಂಬರ್ ಲೆನ್ಸಿಗೆ ಅಂಬರ್, ಬಣ್ಣವಿಲ್ಲದ ಲೆನ್ಸಿನ ಇಂಡಿಕೇಟರಿಗೂ ಅಂಬರ್. ಇದರಲ್ಲಿ ರಾಜಿಗೆ ಜಾಗವಿಲ್ಲ.

ಇದಕ್ಕಿಂತ ಅಪಾಯದ ಎಡವಟ್ಟು ಡಬಲ್ ಕಾಂಟ್ಯಾಕ್ಟ್ ಬಲ್ಬಿನಲ್ಲಿದೆ, ಅದರ ಬಗ್ಗೆ ಮಾತಾಡುವವರೂ ಕಡಿಮೆ. ರಾತ್ರಿ ಟೇಲ್ ಲೈಟು ಹೇಗೂ ಉರಿಯುತ್ತಿರುತ್ತದೆ. ಬ್ರೇಕ್ ಒತ್ತಿದಾಗ ಅದೇ ಕೆಂಪು ದೀಪ ಇನ್ನಷ್ಟು ಬೆಳಗಬೇಕು. ಹಿಂದಿನವನಿಗೆ ತಿಳಿಯುವುದು ಆ ಜಿಗಿತದಿಂದ. ವಿಶ್ವಸಂಸ್ಥೆಯ ವಾಹನ ನಿಯಮಗಳ ಪ್ರಕಾರ ಟೇಲ್ ಲೈಟಿಗೆ ಕನಿಷ್ಠ 4 ಕ್ಯಾಂಡೆಲಾ ಸಾಕು, ಬ್ರೇಕ್ ದೀಪಕ್ಕೆ ಕನಿಷ್ಠ 60 ಬೇಕು. ಸಾದಾ ಬಲ್ಬಿನ 5 ವಾಟಿನ ತಂತಿ ಕೊಡುವುದು ಸುಮಾರು 35 ಲ್ಯೂಮೆನ್, 21 ವಾಟಿನದು ಸುಮಾರು 440. ಹನ್ನೆರಡು ಪಟ್ಟಿಗಿಂತ ಹೆಚ್ಚಿನ ಅಂತರ. ಅಗ್ಗದ ಎಲ್‌ಇಡಿ ಬಲ್ಬಿನಲ್ಲಿ ಟೇಲ್ ಲೈಟೇ ಪ್ರಖರವಾಗಿರುತ್ತದೆ, ಬ್ರೇಕ್ ಒತ್ತಿದರೆ ಅದರ ಮೇಲೆ ಅಷ್ಟಿಷ್ಟು ಏರುತ್ತದೆ. ಯಜಮಾನನಿಗೆ ಖುಷಿ, ಹಿಂದೆ ಎಷ್ಟು ಚೆನ್ನಾಗಿ ಹೊಳೆಯುತ್ತಿದೆ ನೋಡಿ ಎಂದು. ಹಿಂದಿನ ಸವಾರನಿಗೆ ಮುಂದಿನ ಗಾಡಿ ನಿಲ್ಲುತ್ತಿದೆಯೋ ಓಡುತ್ತಿದೆಯೋ ಗೊತ್ತಾಗುವುದಿಲ್ಲ. ಇಂಥ ಬಲ್ಬು ಕೊಳ್ಳಲೇಬೇಕಿದ್ದರೆ ಕತ್ತಲಾದ ಮೇಲೆ, ಟೇಲ್ ಲೈಟು ಹಾಕಿ, ಮೂವತ್ತು ಮೀಟರ್ ದೂರ ನಿಂತು, ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ನೋಡಬೇಕು. ವ್ಯತ್ಯಾಸ ಥಟ್ಟನೆ ಕಣ್ಣಿಗೆ ಹೊಡೆಯದಿದ್ದರೆ ಆ ಬಲ್ಬು ಎಷ್ಟೇ ದುಬಾರಿಯಾಗಿರಲಿ, ವಾಪಸು ಕೊಡುವುದೇ ಸರಿ.

ಫ್ಲಾಷರಿಗೆ ಬರೋಣ. ಆಟೋ ಎಲೆಕ್ಟ್ರಿಷಿಯನ್ನರಿಗೆ ಎಲ್‌ಇಡಿಯಿಂದ ಹೆಚ್ಚು ಕೆಲಸ ಸಿಕ್ಕಿರುವುದು ಇಲ್ಲಿಯೇ. ಹಳೆಯ ಕಾರು, ಜೀಪುಗಳಲ್ಲಿದ್ದ ಪುಟ್ಟ ಅಲ್ಯೂಮಿನಿಯಂ ಡಬ್ಬಿಯೊಳಗೆ ಇದ್ದದ್ದು ಕರೆಂಟು ಹರಿದಾಗ ಕಾದು ಬಾಗುವ ಲೋಹದ ಪಟ್ಟಿ. ಬಾಗಿದರೆ ಸಂಪರ್ಕ ತಪ್ಪುತ್ತದೆ, ತಣಿದರೆ ಮತ್ತೆ ಕೂಡುತ್ತದೆ, ದೀಪ ಮಿಟುಕುತ್ತದೆ. ಎರಡು ಬಲ್ಬುಗಳ 42 ವಾಟಿನ ಕರೆಂಟಿಗೆ ಲೆಕ್ಕ ಹಾಕಿ ಮಾಡಿದ ಆ ಪಟ್ಟಿಗೆ ಎಲ್‌ಇಡಿಯ ಚೂರು ಕರೆಂಟು ಬಿಸಿ ಮುಟ್ಟಿಸುವುದೇ ಇಲ್ಲ. ದೀಪ ಹತ್ತಿದ್ದು ಹತ್ತಿದಂತೆಯೇ ಇರುತ್ತದೆ. ನಂತರ ಬಂದ ಎಲೆಕ್ಟ್ರಾನಿಕ್ ರಿಲೇಯ ಸ್ವಭಾವ ಬೇರೆ. ಅದು ಹರಿಯುವ ಕರೆಂಟನ್ನು ಅಳೆಯುತ್ತದೆ. ಕಡಿಮೆಯಾದರೆ ಒಂದು ಬಲ್ಬು ಸುಟ್ಟಿದೆ ಎಂದು ತಿಳಿದು ಎರಡು ಪಟ್ಟು ವೇಗದಲ್ಲಿ ಮಿಟುಕಿಸಿ ಚಾಲಕನಿಗೆ ಸುಳಿವು ಕೊಡುತ್ತದೆ. ಎಲ್‌ಇಡಿ ಹಾಕಿದಾಗ ಕಾಣುವ ಹುಚ್ಚು ಮಿಟುಕು ಕಾಯಿಲೆಯಲ್ಲ, ರಿಲೇ ತನ್ನ ಕೆಲಸವನ್ನು ನಿಯತ್ತಾಗಿ ಮಾಡುತ್ತಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 102ನೇ ನಿಯಮದಂತೆ ಇಂಡಿಕೇಟರ್ ನಿಮಿಷಕ್ಕೆ 60ಕ್ಕಿಂತ ಕಡಿಮೆಯೂ 120ಕ್ಕಿಂತ ಹೆಚ್ಚೂ ಮಿಟುಕಬಾರದು. ಹುಚ್ಚು ಮಿಟುಕು ಈ ಮಿತಿಯನ್ನು ದಾಟುತ್ತದೆ.

ಇದಕ್ಕೆ ಪೇಟೆಯಲ್ಲಿ ಎರಡು ಮದ್ದು ಮಾರುತ್ತಾರೆ. ಒಂದು, ಪ್ರತಿ ಎಲ್‌ಇಡಿಗೂ ಅಡ್ಡಲಾಗಿ 6 ಓಮ್‌ನ ದಪ್ಪ ರೆಸಿಸ್ಟರ್ ಜೋಡಿಸುವುದು. 12 ವೋಲ್ಟಿನಲ್ಲಿ ಅದು 2 ಆಂಪಿಯರ್ ಎಳೆದು 24 ವಾಟನ್ನು ಬರಿಯ ಬಿಸಿಯಾಗಿ ಸುಡುತ್ತದೆ. ಕರೆಂಟು ಉಳಿಸಲೆಂದು ಎಲ್‌ಇಡಿ ಹಾಕಿ, ರಿಲೇಯನ್ನು ನಂಬಿಸಲೆಂದು ಬಲ್ಬಿಗಿಂತ ಹೆಚ್ಚು ಸುಡುವ ತಮಾಷೆ ಇದು. ಬರಿ ತಮಾಷೆಯಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಹಜಾರ್ಡ್ ಹಾಕಿ ಅರ್ಧ ಗಂಟೆ ನಿಂತ ಗಾಡಿಯಲ್ಲಿ ಆ ರೆಸಿಸ್ಟರ್ ಮುಟ್ಟಿದರೆ ಬೊಬ್ಬೆ ಏಳುವಷ್ಟು ಕಾಯುತ್ತದೆ. ಪ್ಲಾಸ್ಟಿಕ್ಕಿಗೋ ವೈರಿಂಗಿಗೋ ತಾಗುವಂತೆ ಟೇಪು ಸುತ್ತಿ ಬಿಟ್ಟಿದ್ದರೆ ಕರಗಿಸುತ್ತದೆ. ಹಾಕಲೇಬೇಕಾದರೆ ತಗಡಿನ ಮೈಗೆ ಸ್ಕ್ರೂ ಮಾಡಬೇಕು. ಎರಡನೆಯ ಮದ್ದು ಎಲ್‌ಇಡಿಗೆಂದೇ ಇರುವ ಫ್ಲಾಷರ್ ರಿಲೇ. ಇದು ಸ್ವಚ್ಛವಾದ ದಾರಿ, ಬೈಕುಗಳಲ್ಲಿ ಹತ್ತು ನಿಮಿಷದ ಕೆಲಸ. ಆದರೆ ಕರೆಂಟು ಲೆಕ್ಕಿಸದೆ ಒಂದೇ ಲಯದಲ್ಲಿ ಮಿಟುಕುವ ಈ ರಿಲೇ, ಹಿಂದಿನ ಇಂಡಿಕೇಟರ್ ಸತ್ತರೂ ಚಾಲಕನಿಗೆ ಸುಳಿವು ಕೊಡುವುದಿಲ್ಲ. ಆ ಕಾವಲು ಹೋಯಿತೆಂದು ನೆನಪಿಟ್ಟುಕೊಂಡು ವಾರಕ್ಕೊಮ್ಮೆ ಇಳಿದು ನಾಲ್ಕೂ ದೀಪ ನೋಡುವವರಿಗೆ ಅಡ್ಡಿಯಿಲ್ಲ.

ರಿಲೇ ಬದಲಿಸಿದರೂ ಕೆಲವು ಹಳೆಯ ಬೈಕುಗಳಲ್ಲಿ ಇನ್ನೊಂದು ವಿಚಿತ್ರ ಎದುರಾಗುತ್ತದೆ: ಎಡಕ್ಕೆ ಹಾಕಿದರೆ ನಾಲ್ಕೂ ದೀಪ ಮಿಟುಕುತ್ತವೆ. ಮೀಟರಿನಲ್ಲಿ ಎಡ–ಬಲ ಎರಡಕ್ಕೂ ಸೇರಿ ಒಂದೇ ಪೈಲಟ್ ಬಲ್ಬು ಇರುವ ಗಾಡಿಗಳಿವು. ಆ ಬಲ್ಬಿನ ಒಂದು ತುದಿ ಎಡದ ವೈರಿಗೆ, ಇನ್ನೊಂದು ತುದಿ ಬಲದ ವೈರಿಗೆ. ಎಡಕ್ಕೆ ಕರೆಂಟು ಬಂದಾಗ ಅದು ಪೈಲಟ್ ಮೂಲಕ ದಾಟಿ, ಬಲಗಡೆಯ ತಣ್ಣಗಿನ ಬಲ್ಬುಗಳ ತಂತಿಯ ಮೂಲಕ ಅರ್ತಿಗೆ ಇಳಿಯುತ್ತದೆ. ಆ ಸಣ್ಣ ಕರೆಂಟಿಗೆ 10 ವಾಟಿನ ಬಲ್ಬು ಮಿಸುಕುವುದಿಲ್ಲ. ಎಲ್‌ಇಡಿಗೆ ಅಷ್ಟು ಧಾರಾಳವಾಗಿ ಸಾಕು. ಪರಿಹಾರಕ್ಕೆ ಎರಡು ಡಯೋಡುಗಳು ಬೇಕು, ಕೆಲವು ರೂಪಾಯಿಯ 1ಎನ್4007 ಆದರೂ ಆದೀತು. ಎಡದಿಂದೊಂದು, ಬಲದಿಂದೊಂದು ಡಯೋಡು ತಂದು ಪೈಲಟ್ಟಿನ ಒಂದು ತುದಿಗೆ ಸೇರಿಸಿ, ಇನ್ನೊಂದು ತುದಿಯನ್ನು ನೇರ ಅರ್ತಿಗೆ ಕೊಟ್ಟರೆ ಮುಗಿಯಿತು. ಇದನ್ನು ತಿಳಿಯದ ಮೆಕ್ಯಾನಿಕ್ಕು ಪೈಲಟ್ ಬಲ್ಬನ್ನೇ ಕಿತ್ತುಹಾಕಿ ಕೈತೊಳೆದುಕೊಳ್ಳುತ್ತಾನೆ. ಆಮೇಲೆ ಇಂಡಿಕೇಟರ್ ಆರಿಸಲು ಮರೆತು ಊರೆಲ್ಲ ಸುತ್ತುವ ಬೈಕುಗಳಿಗೆ ಇನ್ನೊಂದು ಸೇರುತ್ತದೆ.

ಹೊಸ ಕಾರುಗಳಲ್ಲಿ ರಿಲೇಯೇ ಇಲ್ಲ. ಮಿಟುಕಿಸುವುದು ಕಂಪ್ಯೂಟರ್, ಕೇಳುವ ಟಿಕ್ ಟಿಕ್ ಕೂಡ ಸ್ಪೀಕರಿನಿಂದ ನುಡಿಸಿದ ನಕಲಿ ಸದ್ದು. ಆ ಕಂಪ್ಯೂಟರ್ ಆಗಾಗ ಸೂಕ್ಷ್ಮ ಕರೆಂಟು ಕಳಿಸಿ ಬಲ್ಬು ಬದುಕಿದೆಯೇ ಎಂದು ನೋಡುತ್ತದೆ. ಎಲ್‌ಇಡಿ ಬಲ್ಬು ಹಾಕಿದರೆ ಮೀಟರಿನಲ್ಲಿ ದೂರು ಬರುತ್ತದೆ, ಆರಿದ ದೀಪ ಮಸುಕಾಗಿ ಮಿಣಮಿಣ ಎನ್ನುತ್ತದೆ. ವಾರಂಟಿಯಿರುವ ಗಾಡಿಗೆ ಈ ಉಸಾಬರಿ ಬೇಡ.

ಕರೆಂಟಿನ ಉಳಿತಾಯವನ್ನು ಎರಡನೆಯದೆಂದೆ. ಕಾರಿನ ಮಟ್ಟಿಗೆ ಅದು ನಿಜಕ್ಕೂ ನಗಣ್ಯ; ಇಂಡಿಕೇಟರೂ ಬ್ರೇಕ್ ದೀಪವೂ ದಿನದಲ್ಲಿ ಉರಿಯುವುದೇ ಸ್ವಲ್ಪ ಹೊತ್ತು. ಆದರೆ ಗಾಡಿ ಕೆಟ್ಟು ನಿಂತಾಗ ಲೆಕ್ಕ ಬೇರೆ. ಶಿರಾಡಿ ಘಾಟಿಯಲ್ಲಿ ರಾತ್ರಿ ಹಜಾರ್ಡ್ ಹಾಕಿ ನಿಂತ ಕಾರನ್ನು ಯೋಚಿಸಿ. 21 ವಾಟಿನ ನಾಲ್ಕು ಬಲ್ಬುಗಳು ಅರ್ಧ ಹೊತ್ತು ಉರಿದರೂ ಸರಾಸರಿ ಮೂರೂವರೆ ಆಂಪಿಯರ್. 35 ಆಂಪಿಯರ್–ಗಂಟೆಯ ಬ್ಯಾಟರಿ ಕಾಗದದ ಮೇಲೆ ಹತ್ತು ಗಂಟೆ ಬಂದೀತು, ಮತ್ತೆ ಸ್ಟಾರ್ಟ್ ಮಾಡುವ ಶಕ್ತಿ ಉಳಿಯಬೇಕೆಂದರೆ ಅದರ ಅರ್ಧ. ಎಲ್‌ಇಡಿ ದೀಪಗಳಾದರೆ ಇಡೀ ರಾತ್ರಿ ಮಿಟುಕಿದರೂ ಬ್ಯಾಟರಿಗೆ ಆಯಾಸವಿಲ್ಲ. ಸಣ್ಣ ಬ್ಯಾಟರಿಯ ಬೈಕಿನಲ್ಲಿ, ಸಿಗ್ನಲ್ಲಿನಲ್ಲಿ ಐಡಲಿಂಗ್ ಆಗುತ್ತ ನಿಂತಾಗ, ಬ್ರೇಕ್ ದೀಪ ಮತ್ತು ಇಂಡಿಕೇಟರ್ ಒಟ್ಟಿಗೆ ಉರಿಯಬೇಕಾದರೆ ಸಾದಾ ಬಲ್ಬು ಏದುಸಿರು ಬಿಡುವುದನ್ನು ಎಲ್ಲರೂ ಕಂಡಿದ್ದೇವೆ. ಅಲ್ಲಿ ಎಲ್‌ಇಡಿಯ ಗೆಲುವು ಸ್ಪಷ್ಟ. ಬ್ಯಾಟರಿಯ ಮೇಲೇ ಓಡುವ ವಿದ್ಯುತ್ ಸ್ಕೂಟರುಗಳು, ಬೆಂಗಳೂರಿನ ಏಥರ್ ಮೊದಲಾದವು, ಹುಟ್ಟುವಾಗಲೇ ಎಲ್‌ಇಡಿ ದೀಪ ಹೊತ್ತು ಬಂದದ್ದರಲ್ಲಿ ಅಚ್ಚರಿಯಿಲ್ಲ.

6 ವೋಲ್ಟಿನ ಗಾಡಿಗಳದ್ದು ಇನ್ನೂ ದೊಡ್ಡ ಕಥೆ. 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಜಾವಾಗಳನ್ನು ಇಂದಿಗೂ ಮುದ್ದಿನಿಂದ ಓಡಿಸುವವರಿದ್ದಾರೆ. ಅಷ್ಟೇ ವಾಟು ಬೇಕೆಂದರೆ 6 ವೋಲ್ಟಿನಲ್ಲಿ ಎರಡು ಪಟ್ಟು ಕರೆಂಟು ಹರಿಯಬೇಕು. ಅದೇ ವೈರಿನಲ್ಲಿ ಕಳೆದುಹೋಗುವ ವೋಲ್ಟೇಜು ಎರಡು ಪಟ್ಟು. ಇರುವ ವೋಲ್ಟೇಜೇ ಅರ್ಧವಾದ್ದರಿಂದ ನಷ್ಟದ ಪಾಲು ನಾಲ್ಕು ಪಟ್ಟು. ಅದರ ಮೇಲೆ ಆ 3.4ರ ಘಾತ. ಹಳೆಯ ಜಾವಾದ ಹಿಂದಿನ ದೀಪ ಬೆಂಕಿಕಡ್ಡಿಯ ಕೆಂಡದಂತಿರುವುದು ಈ ಗಣಿತದಿಂದ. 6 ವೋಲ್ಟಿನ ಕೆಂಪು ಎಲ್‌ಇಡಿ ಸಿಕ್ಕರೆ ಅಂದಗೆಡಿಸದೆ ಹಾಕಬಹುದು. ಮೂಲರೂಪ ಕೆಡಬಾರದೆಂಬ ಹಟವುಳ್ಳವರೂ ಬ್ರೇಕ್ ದೀಪದಲ್ಲಿ ಈ ರಿಯಾಯಿತಿ ಕೊಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. 12 ವೋಲ್ಟಿನ ಎಲ್‌ಇಡಿಯೂ ರಿಲೇಯೂ ಇಲ್ಲಿ ನಡೆಯವು. ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರುವುದೂ ಉಂಟು. ಬಲ್ಬಿಗೆ ಪ್ಲಸ್–ಮೈನಸ್ಸಿನ ಭೇದವಿಲ್ಲ, ಎಲ್‌ಇಡಿಗೆ ಇದೆ.

ಬಿಸಿಯ ಮಾತು ಬಂದರೆ ಎಲ್‌ಇಡಿ ತಣ್ಣಗಿರುತ್ತದೆ ಎಂಬ ನಂಬಿಕೆಯಿದೆ. ಮುಂದಕ್ಕೆ ಬಿಸಿ ಎಸೆಯುವುದಿಲ್ಲ, ನಿಜ. ಚಿಪ್ಪಿನ ಬೆನ್ನಲ್ಲಿ ಹುಟ್ಟುವ ಬಿಸಿಗೆ ಹೊರದಾರಿ ಬೇಕು, ಗಾಳಿಯಾಡದ ಹಳೆಯ ದೀಪದೊಳಗೆ ಅದಿಲ್ಲ. ಕೆಂಪು ಮತ್ತು ಅಂಬರ್ ಎಲ್‌ಇಡಿ ಮಾಡುವ ಅಲ್ಯೂಮಿನಿಯಂ–ಇಂಡಿಯಂ–ಗ್ಯಾಲಿಯಂ ಫಾಸ್ಫೈಡಿಗೆ ಬಿಸಿಯೆಂದರೆ ಆಗದು. ಅದರಲ್ಲೂ ಅಂಬರ್, ಚಿಪ್ಪು ಚೆನ್ನಾಗಿ ಕಾದಾಗ ತನ್ನ ಬೆಳಕಿನ ಅರ್ಧದಷ್ಟನ್ನು ಕಳೆದುಕೊಳ್ಳಬಲ್ಲದು. ಕಲಬುರಗಿ, ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ನಿಂತ ಗಾಡಿಯ ಇಂಡಿಕೇಟರ್, ಕಣ್ಣಿಗೆ ಹೆಚ್ಚು ಬೆಳಕು ಬೇಕಾದ ನಡುಮಧ್ಯಾಹ್ನದಲ್ಲೇ ಮಂಕಾಗುವುದು ಹೀಗೆ. ನೀಲಿ ಚಿಪ್ಪಿಗೆ ಫಾಸ್ಫರ್ ಬಳಿದು ಮಾಡುವ ಅಂಬರ್ ಇದಕ್ಕಿಂತ ಗಟ್ಟಿ. ಮಲೆನಾಡಿನಲ್ಲಿ ತೊಂದರೆ ಉಲ್ಟಾ. ಆಗುಂಬೆಯ ಮಳೆಗೆ ಲೆನ್ಸಿನೊಳಗೆ ಹಿಡಿದ ತೇವವನ್ನು ಸಾದಾ ಬಲ್ಬಿನ ಬಿಸಿ ಒಣಗಿಸುತ್ತಿತ್ತು. ಎಲ್‌ಇಡಿ ದೀಪದಲ್ಲಿ ಅದು ಆವಿಯ ಪರದೆಯಾಗಿ ದಿನಗಟ್ಟಲೆ ಉಳಿಯುತ್ತದೆ. ಮಿನ್ನೆಸೋಟದಲ್ಲೋ ಕೆನಡಾದಲ್ಲೋ ನೆಲೆಸಿದ ಕನ್ನಡಿಗರಿಗೆ ಇದರ ಹಿಮದ ರೂಪ ಪರಿಚಯವಿರುತ್ತದೆ. ಬಲ್ಬು ಕರಗಿಸುತ್ತಿದ್ದ ಹಿಮವನ್ನು ಎಲ್‌ಇಡಿ ಕರಗಿಸದು, ಇಳಿದು ಕೈಯಲ್ಲೇ ಒರೆಸಬೇಕು.

ಬಾಳಿಕೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಸಾದಾ ಬಲ್ಬು ಬಾಳುವುದು ನೂರುಗಳ ಲೆಕ್ಕದ ಗಂಟೆ, ಒಳ್ಳೆಯ ಎಲ್‌ಇಡಿ ಹತ್ತಾರು ಸಾವಿರ. ಗುಂಡಿ ರಸ್ತೆಯ ಕುಲುಕಾಟಕ್ಕೆ ತಂತಿ ತುಂಡಾಗುತ್ತದೆ, ಎಲ್‌ಇಡಿಗೆ ತುಂಡಾಗಲು ತಂತಿಯೇ ಇಲ್ಲ. ಅಗ್ಗದ ಎಲ್‌ಇಡಿ ಬಲ್ಬಿನಲ್ಲಿ ಮೊದಲು ಸಾಯುವುದು ಬೆಳಕಿನ ಚುಕ್ಕಿಯಲ್ಲ, ಕರೆಂಟನ್ನು ಹದವಾಗಿಡಬೇಕಾದ ಪುಟ್ಟ ಸರ್ಕ್ಯೂಟು. ಸಾದಾ ಬಲ್ಬು ಸತ್ತರೆ ಪೂರಾ ಸಾಯುತ್ತದೆ, ಗೊತ್ತಾಗುತ್ತದೆ, ಐವತ್ತು ರೂಪಾಯಿಯೊಳಗೆ ಹೊಸದು ಬರುತ್ತದೆ, ಹಳ್ಳಿಯ ಸೈಕಲ್ ಶಾಪಿನವನೂ ಹಾಕಿಕೊಡುತ್ತಾನೆ. ಕಾರ್ಖಾನೆಯ ಎಲ್‌ಇಡಿ ದೀಪದಲ್ಲಿ ನಾಲ್ಕು ಚುಕ್ಕಿ ಹೋದರೆ ಇಡೀ ದೀಪವನ್ನೇ ಬದಲಿಸಬೇಕು, ಬಿಲ್ಲು ಸಾವಿರಗಳಲ್ಲಿ. ಪಾರ್ಕಿಂಗಿನಲ್ಲಿ ಯಾರೋ ತಾಗಿಸಿ ಹೋದ ಬಂಪರಿನ ಮೂಲೆಯೂ ಹೀಗೆ ದುಬಾರಿಯಾಗಿದೆ. ಎಲ್‌ಇಡಿ ದೀಪಗಳ ಮೇಲೆ ನನಗಿರುವ ನಿಜವಾದ ತಕರಾರು ಇದೊಂದೇ.

ಕಾನೂನು ಏನೆನ್ನುತ್ತದೆ? ಪ್ರತಿ ದೀಪಕ್ಕೂ ಇಂತಿಂಥ ಬಲ್ಬಿನೊಂದಿಗೆ ಎಂದು ಅನುಮೋದನೆ ಸಿಕ್ಕಿರುತ್ತದೆ. ಲೆನ್ಸಿನ ಮೂಲೆಯಲ್ಲಿ ಅಚ್ಚೊತ್ತಿದ ಪುಟ್ಟ ಅಕ್ಷರಗಳು ಅದರ ಜಾತಕ: ಎಸ್1 ಎಂದರೆ ಬ್ರೇಕ್ ದೀಪ, 2ಎ ಎಂದರೆ ಹಿಂದಿನ ಇಂಡಿಕೇಟರ್. ಭಾರತದಲ್ಲಿ ಇಂಥ ದೀಪಗಳನ್ನು ಪುಣೆಯ ಎಆರ್‌ಎಐಯಂಥ ಸಂಸ್ಥೆಗಳು ಪರೀಕ್ಷಿಸುತ್ತವೆ. ಬೇರೆ ಬಗೆಯ ಬಲ್ಬು ಹೊಕ್ಕಿದ ಗಳಿಗೆಯಲ್ಲಿ ಆ ಪರೀಕ್ಷೆಯ ಫಲಿತಾಂಶಕ್ಕೆ ಅರ್ಥ ಉಳಿಯುವುದಿಲ್ಲ. ಜರ್ಮನಿ 2020ರಲ್ಲಿ ಎಚ್7 ಹೆಡ್‌ಲೈಟಿಗೆ ಬದಲಿ ಎಲ್‌ಇಡಿ ಬಲ್ಬನ್ನು ಒಪ್ಪಿಕೊಂಡಿತು, ಅದೂ ದೀಪ ಸಮೇತ ಪರೀಕ್ಷಿಸಿದ ಕಾರು ಮಾದರಿಗಳಿಗೆ ಮಾತ್ರ. ನಮ್ಮಲ್ಲಿ ಎಫ್.ಸಿ.ಗೆ ಹೋದಾಗ ಬ್ರೇಕ್ ಇನ್‌ಸ್ಪೆಕ್ಟರು ದೀಪ ಉರಿಯುತ್ತದೆಯೇ ಎಂದು ನೋಡುವುದು ರೂಢಿ. ಬಲ್ಬು ಬಿಚ್ಚಿ ನೋಡುವುದನ್ನು ನಾನಂತೂ ಕಂಡಿಲ್ಲ. ಸ್ಟ್ರೋಬಿನಂತೆ ಪಟಪಟಿಸುವ ಬ್ರೇಕ್ ದೀಪ, ನೀಲಿ ಟೇಲ್ ಲೈಟು, ಕಪ್ಪು ಫಿಲ್ಮು ಹೊದಿಸಿದ ಲೆನ್ಸು ಇವೆಲ್ಲ ಯಾವ ಅನುಮಾನವೂ ಇಲ್ಲದೆ ತಪ್ಪು. ಓಡುವ ಇಂಡಿಕೇಟರ್ ಮಾತ್ರ ಹಾಗಲ್ಲ. 1965ರ ಫೋರ್ಡ್ ಥಂಡರ್‌ಬರ್ಡ್ ಸಾದಾ ಬಲ್ಬುಗಳನ್ನೇ ಮೋಟರಿನಿಂದ ಒಂದಾದ ಮೇಲೊಂದು ಹೊತ್ತಿಸಿ ಆ ಚಮತ್ಕಾರ ಮಾಡಿತ್ತು. ಇಂದಿನ ಯುರೋಪಿನ ನಿಯಮವೂ ಅದನ್ನು ಒಪ್ಪುತ್ತದೆ. ಓಟ 200 ಮಿಲಿಸೆಕೆಂಡಿನೊಳಗೆ ಮುಗಿದಿರಬೇಕು ಅಷ್ಟೆ.

ಇಷ್ಟರ ಮೇಲೆ ನನ್ನ ತೀರ್ಮಾನ ಕೇಳುವವರಿಗೆ: ಹತ್ತು ವರ್ಷದೊಳಗಿನ ಕಾರಿಗೆ ಬಂದ ಬಲ್ಬೇ ಇರಲಿ, ಸುಟ್ಟರೆ ಒಳ್ಳೆಯ ಕಂಪನಿಯ ಸಾದಾ ಬಲ್ಬು ಹಾಕಿ. ಬೈಕಿಗೆ ಬೇಕಿದ್ದರೆ ಬಲ್ಬು ಬಿಟ್ಟು, ಎಲ್‌ಇಡಿ ಇಂಡಿಕೇಟರನ್ನೇ ಪೂರ್ತಿ ಸೆಟ್ಟಾಗಿ ರಿಲೇ ಸಮೇತ ಕೊಳ್ಳಿ. ಲಾರಿ, ಟ್ರೇಲರುಗಳಿಗೆ 24 ವೋಲ್ಟಿನ ಸೀಲ್ ಮಾಡಿದ ಎಲ್‌ಇಡಿ ದೀಪಕ್ಕೆ ಸಾಟಿಯಿಲ್ಲ. ಹತ್ತಾರು ಮೀಟರ್ ಉದ್ದದ ವೈರು, ಕೆಸರು, ಕುಲುಕಾಟ, ತಿಂಗಳಿಗೊಮ್ಮೆ ಸುಡುವ ಬಲ್ಬು, ಎಲ್ಲಕ್ಕೂ ಅದೊಂದೇ ಉತ್ತರ, ಹಾಕಿದ ದುಡ್ಡೂ ಬೇಗ ವಾಪಸು ಬರುತ್ತದೆ.

ಮಂಡ್ಯ, ಬೆಳಗಾವಿ ಸೀಮೆಯ ಕಬ್ಬಿನ ಹಂಗಾಮಿನಲ್ಲಿ ಈ ಚರ್ಚೆಯ ಹೊರಗೇ ಉಳಿದ ಗಾಡಿಗಳಿವೆ. ಸಂಜೆಯಾದ ಮೇಲೆ ಕಾರ್ಖಾನೆಯತ್ತ ಸಾಲುಗಟ್ಟುವ ಟ್ರಾಕ್ಟರುಗಳ ಹಿಂದಿನ ಟ್ರೇಲರಿನಲ್ಲಿ ಎಷ್ಟೋ ಕಡೆ ದೀಪವೇ ಇಲ್ಲ. ಇದ್ದರೂ ಜೋತುಬಿದ್ದ ಕಬ್ಬಿನ ಗರಿ ಅದನ್ನು ಮುಚ್ಚಿರುತ್ತದೆ. ಟ್ರಾಕ್ಟರಿನಿಂದ ಟ್ರೇಲರಿಗೆ ವೈರು ಎಳೆದು ಸಾಕೆಟ್ಟು ಕೂರಿಸುವ ತಾಪತ್ರಯವೇ ಇದಕ್ಕೆ ಹೆಚ್ಚಿನವರು ಕೊಡುವ ಕಾರಣ. ಸಣ್ಣ ಬ್ಯಾಟರಿಯನ್ನು ಒಡಲಲ್ಲೇ ಇಟ್ಟುಕೊಂಡು ಮ್ಯಾಗ್ನೆಟ್ಟಿನಿಂದ ತಗಡಿಗೆ ಅಂಟುವ ಕೆಂಪು ಎಲ್‌ಇಡಿ ದೀಪಕ್ಕೆ ವೈರೂ ಬೇಡ, ಸಾಕೆಟ್ಟೂ ಬೇಡ. ಜೊತೆಗೆ ಪ್ರತಿಫಲಿಸುವ ಟೇಪಿನ ಎರಡು ಪಟ್ಟಿ, ಗರಿ ಮುಚ್ಚದಷ್ಟು ಕೆಳಗೆ ಅಂಟಿಸಿದರೆ ರಾತ್ರಿಯ ದಾರಿಗೆ ಅಷ್ಟು ಸಾಕು. ತೂಕದ ಚೀಟಿ ಕೊಡುವ ಕಟ್ಟೆಯಲ್ಲೇ ಕಾರ್ಖಾನೆಗಳು ಇವನ್ನು ಕೊಟ್ಟು, ಖರ್ಚನ್ನು ಸಾಗಣೆಯ ಲೆಕ್ಕದಲ್ಲಿ ಹಿಡಿದುಕೊಳ್ಳಬಹುದು.